ಹಳೆಯ ಮನೆಗೆ ಹೊಸ ಸುಣ್ಣ

ಯಾಜಕಕಾಂಡದ ಹದಿನಾಲ್ಕನೆಯ ಅಧ್ಯಾಯವನ್ನು ಗುರುಮಠದಲ್ಲಿದ್ದಾಗ ನಾವು ಬೇಗಬೇಗನೆ ಓದಿ ಮುಗಿಸುತ್ತಿದ್ದೆವು. ಕುಷ್ಠ ಹಿಡಿದ ಮನುಷ್ಯನ ವಿಚಾರವಾದರೆ ಸರಿ, ಕುಷ್ಠ ಹಿಡಿದ ಮನೆಯ ವಿಚಾರ ಯುವಕರಾದ ನಮಗೆ ನಗೆ ತರಿಸುತ್ತಿತ್ತು. ಗೋಡೆಯಲ್ಲಿ ಹಸಿರು ಇಲ್ಲವೆ ಕೆಂಪು ಕಲೆ ಕಂಡರೆ ಮನೆಯ ಯಜಮಾನನು ಯಾಜಕನಿಗೆ ತಿಳಿಸಬೇಕು. ಯಾಜಕನು ಬಂದು ನೋಡಿ ಏಳು ದಿನ ಮನೆಯನ್ನು ಮುಚ್ಚಿಸಬೇಕು. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಒಳಗೋಡೆಯನ್ನೆಲ್ಲ ಕೆರೆಸಿ, ಬೇರೆ ಕಲ್ಲಿಟ್ಟು ಬೇರೆ ಗಾರೆ ಬಳಿಸಬೇಕು. ಅಷ್ಟಾದ ಮೇಲೂ ಕಲೆ ಮರುಕಳಿಸಿದರೆ ಮಾತ್ರ ಮನೆಯನ್ನು ಕೆಡವಬೇಕು. ಪ್ರಿಯ ಓದುಗರೇ, ಈಚಿನ ವರ್ಷಗಳಲ್ಲಿ ನಾನು ಈ ಅಧ್ಯಾಯವನ್ನು ಮತ್ತೆ ಮತ್ತೆ ಓದಿದ್ದೇನೆ. ನಮ್ಮ ತೋಟದ ಹಳೆಯ ಮನೆಯ ಗೋಡೆಯಲ್ಲಿ ಕಲೆ ಕಾಣಿಸಿಕೊಂಡಿತು. ಅದನ್ನು ನೋಡಲು ಕರೆಸಿದ್ದು ಯಾಜಕನಾದ ನನ್ನನ್ನೇ. ಆ ಕಲೆಗೆ ಕಾರಣನೂ ನಾನೇ ಎಂಬುದು ಆಮೇಲೆ ತಿಳಿಯಿತು.

ನಿಮ್ಮಲ್ಲಿ ಅನೇಕರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಊರಿನಲ್ಲಿ ಇನ್ನೂ ಒಂದು ಹೆಂಚಿನ ಮನೆ, ಅದರ ಹಿಂದೊಂದು ಹಟ್ಟಿ, ಬದಿಯಲ್ಲೊಂದು ಬಚ್ಚಲುಕೊಟ್ಟಿಗೆ ನಿಮಗೂ ಉಳಿದಿರಬಹುದು. ಅದನ್ನು ಕೆಡವುವುದೋ ಉಳಿಸುವುದೋ ಎಂಬ ಚರ್ಚೆ ಹಬ್ಬಕ್ಕೆ ಎಲ್ಲರೂ ಸೇರಿದಾಗ ಏಳುತ್ತಿರಬಹುದು. ಆ ಚರ್ಚೆಗೆ ಕೂರುವ ಮೊದಲು ಅಂಥ ಮನೆ ಹೇಗೆ ಹುಟ್ಟಿತೆಂಬುದನ್ನು ತಿಳಿದಿರುವುದು ಒಳ್ಳೆಯದು.

ಕರಾವಳಿಯ ಕ್ರೈಸ್ತರ ಒಕ್ಕಲು ಮನೆಗಳಲ್ಲಿ ತೀರಾ ಹಳೆಯವು ವಿರಳ. ಅದಕ್ಕೆ ಕಾರಣ ಚರಿತ್ರೆಯಲ್ಲಿಯೇ ಇದೆ. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಗೋವೆಯ ಕಡೆಯಿಂದ ತಂಡತಂಡವಾಗಿ ಬಂದು ಇಲ್ಲಿ ಬೇಸಾಯ ಹಿಡಿದವರು 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ದೇವಾಲಯಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ದೇವಾಲಯವೊಂದು ಜೈನ ಅರಸನಾದ ಚೌಟನ ಸ್ನೇಹದಿಂದ ಉಳಿದುಕೊಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಹಿಂದಿರುಗಿದಾಗ ಅವರ ಹೊಲಗಳಲ್ಲಿ ಬೇರೆಯವರಿದ್ದರು, ಮನೆಗಳಿದ್ದ ಕಡೆ ಪೊದೆ ಬೆಳೆದಿತ್ತು. ಅದೇ ವರ್ಷ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೊ ಕಾಲದಲ್ಲಿ ಕೆಲವರಿಗೆ ಹಳೆಯ ಹಿಡುವಳಿ ಮರಳಿ ದೊರೆಯಿತು. ಉಳಿದವರು ಗೇಣಿಗೆ ನಿಂತರು.

ಗೇಣಿಯ ಬಗೆಯನ್ನು ಅರಿಯದೆ ಮನೆಯ ಬಗೆಯನ್ನು ಅರಿಯಲಾಗದು. ಮೂಲಗೇಣಿಯವನಿಗೆ ಭೂಮಿಯ ಮೇಲೆ ತಲೆಮಾರಿನಿಂದ ತಲೆಮಾರಿಗೆ ಹಕ್ಕಿತ್ತು. ಆತ ಧೈರ್ಯವಾಗಿ ಕಲ್ಲಿನ ಮನೆ ಕಟ್ಟಬಲ್ಲವನಾಗಿದ್ದ. ಚಾಲಗೇಣಿಯವನನ್ನು ಧಣಿ ಮನಸ್ಸು ಬಂದಾಗ ಎಬ್ಬಿಸಬಹುದಾಗಿತ್ತು. ನಾಳೆ ಬಿಟ್ಟು ಹೋಗಬೇಕಾದೀತೆಂಬ ಅಂಜಿಕೆ ಇದ್ದವನು ಗೋಡೆಗೆ ಗಾರೆ ಬಳಿಯುವನೇ? ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು, ಮಳೆಯ ಎರಚಲಿಗೆ ತೆಂಗಿನ ಮಡಲಿನ ತಟ್ಟಿ. ಅವನ ಮನೆ ಅಷ್ಟೇ. ನಮ್ಮ ಕುಟುಂಬ ಈ ಎರಡನೆಯ ಬಗೆಯದು. 1974ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಾಕಿ, ಉಳುವವನೇ ಹೊಲದೊಡೆಯನಾಗುವವರೆಗೆ ನಮ್ಮ ತಂದೆಯವರಿಗೆ ತಾವು ಮಲಗುವ ಕೋಣೆಯ ಕೆಳಗಿನ ನೆಲವೂ ತಮ್ಮದಾಗಿರಲಿಲ್ಲ.

ಆದುದರಿಂದ ನಮ್ಮ ಮನೆಗೆ ಒಂದೇ ಹುಟ್ಟಿದ ದಿನವಿಲ್ಲ, ಮೂರಿವೆ. ಹಿಂದಿನ ಅಡುಗೆಕೋಣೆ ಬರಿಯ ಮಣ್ಣಿನದು. ಮೂಲದಲ್ಲಿ ಮನೆಯೆಂದರೆ ಅದೊಂದೇ. ನಡುವಿನ ಎರಡು ಕೋಣೆ ಮತ್ತು ಪತ್ತಾಯವಿರುವ ಕತ್ತಲೆ ಕೋಣೆ ಅಜ್ಜನ ಕಾಲದವು. ಮುರಕಲ್ಲನ್ನು ಕೆಸರುಮಣ್ಣಿನಲ್ಲಿ ಕೂರಿಸಿ ಕಟ್ಟಿದ್ದು. ಮುಂದಿನ ಚಾವಡಿ ಮತ್ತು ಜಗಲಿ 1974ರ ಆಚೆಗಿನವು. ದೂರದಿಂದ ನೋಡಿದರೆ ಎಲ್ಲ ಒಂದೇ ಮಾಡಿನ ಕೆಳಗಿನ ಒಂದೇ ಮನೆ. ಆದರೆ ಹಿಂದಿನಿಂದ ಮುಂದಕ್ಕೆ ನಡೆದು ಬಂದರೆ ಒಂದು ಕುಟುಂಬದ ಧೈರ್ಯ ಹೆಜ್ಜೆಹೆಜ್ಜೆಗೂ ಹೆಚ್ಚುತ್ತ ಬಂದುದು ಗೋಡೆಯ ದಪ್ಪದಲ್ಲೇ ಕಾಣುತ್ತದೆ.

ಮುರಕಲ್ಲಿನ ವಿಚಾರವಾಗಿ ಒಂದು ಮಾತು. ನಮ್ಮವರು ಜಂಬಿಟ್ಟಿಗೆ ಎನ್ನುವುದೂ ಇದನ್ನೇ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳ ಮೂಲಕ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಕಂಡು ಬೆರಗಾಗಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲಾತೆರ್' ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕೊಡಲಿಯಂಥ ಹತ್ಯಾರಿನಿಂದ ಕಡಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಗುರುಮಠದಲ್ಲಿ ಲ್ಯಾಟಿನ್ ಕಲಿಯಲು ಬೆವರಿಳಿಸಿದ ನನಗೆ ಇದರಲ್ಲಿ ಒಂದು ಸಣ್ಣ ಸಂತೋಷವಿದೆ: ಬುಕಾನನ್ ಲ್ಯಾಟಿನ್ನಿನಿಂದ ಹುಡುಕಿ ತೆಗೆದ ಇಟ್ಟಿಗೆ, ಕನ್ನಡದ ಜಂಬಿಟ್ಟಿಗೆಯೊಳಗೆ ಮೊದಲೇ ಕುಳಿತಿತ್ತು.

ಇನ್ನು ಹೆಂಚು. ಕುಂಬಾರರು ಕೈಯಲ್ಲಿ ಮಾಡುತ್ತಿದ್ದ ಅರೆದುಂಡನೆಯ ನಾಡಹೆಂಚು ಮೊದಲಿನಿಂದಲೂ ಇತ್ತು. ಬಾಸೆಲ್ ಮಿಷನ್ನಿನ ಗೆಯೋರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿಯು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ, ಒಂದಕ್ಕೊಂದು ಕೊಂಡಿಯಂತೆ ಕೂರುವ ಚಪ್ಪಟೆ ಹೆಂಚನ್ನು ಮಾಡಿದ. 1868ರಲ್ಲಿ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಎದ್ದಿತು. ಆಮೇಲೆ ನದಿಯ ಎರಡೂ ದಂಡೆಗಳಲ್ಲಿ ಚಿಮಣಿಗಳು ಸಾಲಾದವು, ಮಂಗಳೂರು ಹೆಂಚು ಹಡಗು ಹತ್ತಿ ಬೊಂಬಾಯಿಗೂ ಪೂರ್ವ ಆಫ್ರಿಕಾಕ್ಕೂ ಹೋಯಿತು. ಮೊದಲನೆಯ ಮಹಾಯುದ್ಧದ ಬಳಿಕ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಪ್ರೊಟೆಸ್ಟಂಟರು ಸುಟ್ಟ ಹೆಂಚು ಕಥೋಲಿಕ ದೇವಾಲಯ, ದೇವಸ್ಥಾನ, ಮಸೀದಿಗಳೆಲ್ಲಕ್ಕೂ ನೆರಳಾಯಿತು. ಆ ಕಾಲದ ಪಂಥಗಳ ಜಗಳವನ್ನು ನೆನೆದರೆ ಇದು ಅಚ್ಚರಿಯ ಸಂಗತಿಯೇ.

ಇಲ್ಲಿ ಒಂದು ಎಚ್ಚರಿಕೆ. ಬಾಸೆಲ್ ಮಿಷನ್ ಹೆಂಚಿನ ಹಿಂಬದಿಯಲ್ಲಿ 1865 ಎಂದು ಒತ್ತಿರುವುದನ್ನು ಕಂಡು 'ನಮ್ಮ ಮನೆ ಅಷ್ಟು ಹಳೆಯದು' ಎಂದು ಹೆಮ್ಮೆಪಡುವವರನ್ನು ನಾನು ಬಹಳ ಕಂಡಿದ್ದೇನೆ. ಒಮ್ಮೆ ನಾನೂ ಪಟ್ಟಿದ್ದೆ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಮೇಲಾಗಿ, ಹೆಂಚು ಪ್ರಯಾಣಿಕ. ಒಂದು ಮನೆ ಬಿದ್ದರೆ ಅದರ ಹೆಂಚು ಇನ್ನೊಂದು ಮನೆಯನ್ನು ಏರುತ್ತದೆ. ನಮ್ಮ ಮಾಡಿನ ಹೆಂಚುಗಳನ್ನು ಇಳಿಸಿ ತೊಳೆದು ಜೋಡಿಸಿದಾಗ ಐದು ಬೇರೆ ಬೇರೆ ಕಾರ್ಖಾನೆಗಳ ಮುದ್ರೆ ಕಂಡವು. ಹುಲ್ಲಿನ ಮಾಡನ್ನು ತೆಗೆದ ದಿನ ಅಜ್ಜನಿಗೆ ಹೊಸ ಹೆಂಚು ಕೊಳ್ಳುವ ಶಕ್ತಿ ಇರಲಿಲ್ಲವೆಂಬುದೇ ಆ ಐದು ಮುದ್ರೆಗಳ ಅರ್ಥ.

ಈಗ ನನ್ನ ತಪ್ಪಿನ ಕಥೆ. 1998ರಲ್ಲಿ ನನಗೆ ಗುರುದೀಕ್ಷೆಯಾಯಿತು. ಮಗನ ಪ್ರಥಮ ಬಲಿಪೂಜೆಯೆಂದರೆ ಮನೆಯವರಿಗೆ ಮದುವೆಗಿಂತಲೂ ದೊಡ್ಡ ಸಮಾರಂಭ. ನೆಂಟರಿಷ್ಟರು ಬರುತ್ತಾರೆ, ಧರ್ಮಾಧ್ಯಕ್ಷರೂ ಬಂದಾರು. ಸುಣ್ಣದ ಪುಡಿ ಉದುರುವ ಗೋಡೆಗೆ ಒರಗಿದವರ ಕರಿ ನಿಲುವಂಗಿಯ ಬೆನ್ನು ಬಿಳಿಯಾಗುತ್ತದೆಂದು ಹೇಳಿದವನು ನಾನು. ಅಣ್ಣ ಸಾಲ ಮಾಡಿ, ನಡುವಿನ ಕೋಣೆಗಳಿಗೂ ಚಾವಡಿಗೂ ಒಳಹೊರಗೆ ಸಿಮೆಂಟು ಬಳಿಸಿ, ಅದರ ಮೇಲೆ ಹೊಳೆಯುವ ಬಣ್ಣ ಹೊಡೆಸಿದ. ಸೆಗಣಿ ಸಾರಿಸುತ್ತಿದ್ದ ನೆಲಕ್ಕೆ ನುಣುಪು ಟೈಲ್ಸ್ ಬಂತು. ಚಿತ್ರಗಳಲ್ಲಿ ಮನೆ ಬಹಳ ಚೆನ್ನಾಗಿ ಕಾಣುತ್ತದೆ. ಐದಾರು ವರ್ಷ ಹಾಗೆಯೇ ಇತ್ತು. ಆಮೇಲೆ ನೆಲದಿಂದ ಒಂದು ಮೊಳದೆತ್ತರದಲ್ಲಿ ಬಣ್ಣ ಗುಳ್ಳೆ ಎದ್ದಿತು. ಕೆರೆದು ಮತ್ತೆ ಬಳಿದೆವು; ಗುಳ್ಳೆ ಎದೆಯೆತ್ತರಕ್ಕೆ ಏರಿತು. ಕೆಳಗೆ ಬಿಳಿಯ ಉಪ್ಪಿನ ಹೂ, ಮೇಲೆ ಹಸಿರು ಪಾಚಿ. ಬಾಗಿಲ ದಾರಂದಕ್ಕೆ ಗೆದ್ದಲು. ನನ್ನ ದೀಕ್ಷೆಯ ಬೆಳ್ಳಿಹಬ್ಬಕ್ಕೆ, 2023ರಲ್ಲಿ, ಪತ್ತಾಯದ ಕೋಣೆಯ ಗೋಡೆಯಿಂದ ಸಿಮೆಂಟು ಹಲಗೆಯಂತೆ ಕಳಚಿ ಬಿತ್ತು. ಅಣ್ಣನ ಮಗ ಕೆಡವಿ ತಾರಸಿ ಮನೆ ಕಟ್ಟುವ ಲೆಕ್ಕ ಹಾಕಿಸಿಯೂ ಆಗಿತ್ತು.

ಕಾರಣ ಸರಳವಾದದ್ದು. ವರ್ಷಕ್ಕೆ 3,500ರಿಂದ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆಯಲ್ಲಿ ಅಡಿಪಾಯದ ಮಣ್ಣು ಅರ್ಧ ವರ್ಷ ಒದ್ದೆ. ಮುರಕಲ್ಲು ತೂತುತೂತಾದ ಕಲ್ಲು. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ನೀರನ್ನು ಏರಿಸುತ್ತದೆ. ಹಿಂದೆ ಆ ನೀರು ಸುಣ್ಣದ ಮೂಲಕ ಗಾಳಿಗೆ ಆರಿಹೋಗುತ್ತಿತ್ತು, ಸಾರಿಸಿದ ನೆಲದಿಂದಲೂ ಆರುತ್ತಿತ್ತು. ನಾವು ಎರಡು ಬದಿಗೂ ನೆಲಕ್ಕೂ ಮುಚ್ಚಳ ಹಾಕಿದೆವು. ಹೊರಬರಲಾಗದ ನೀರು ದಾರಿ ಹುಡುಕುತ್ತ ಮೇಲೇರಿತು, ಕಲ್ಲುಗಳ ನಡುವಿನ ಮಣ್ಣನ್ನು ಮತ್ತೆ ಕೆಸರು ಮಾಡಿತು. ಸಿಮೆಂಟನ್ನು ದೂಷಿಸುವುದು ನನ್ನ ಉದ್ದೇಶವಲ್ಲ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಹಕ್ಕುಪತ್ರ ಪಡೆದ ಈ ಪುಡಿಯಿಂದ ಅಣೆಕಟ್ಟು, ಸೇತುವೆ, ನಮ್ಮ ಹೊಸ ದೇವಾಲಯಗಳೆಲ್ಲ ನಿಂತಿವೆ. ಅದಕ್ಕೆ ತಕ್ಕ ಗೋಡೆ ಬೇರೆ, ಅಷ್ಟೇ.

ಇನ್ನೊಂದು ಸಂಗತಿಯನ್ನು ಬಡಗಿಯೊಬ್ಬರು ತೋರಿಸಿಕೊಟ್ಟರು. ಮನೆಯ ಇತರ ಭಾಗದ ಪಕ್ಕಾಸುಗಳು ಗಟ್ಟಿಯಾಗಿದ್ದರೂ ಅಡುಗೆಕೋಣೆಯ ಮೇಲಿನವು ಮಾತ್ರ ಕುಟ್ಟೆ ಹಿಡಿದು ಹಿಟ್ಟಾಗಿದ್ದವು. ಎಲ್ಲಕ್ಕಿಂತ ಕರ್ರಗಿನ, ಎಲ್ಲಕ್ಕಿಂತ ಗಟ್ಟಿಯಾಗಿರಬೇಕಾದ ಮರ ಅದು. ಗ್ಯಾಸಿನ ಒಲೆ ಬಂದ ಮೇಲೆ ಹೊಗೆ ನಿಂತುಹೋಯಿತು. ಹುಳವನ್ನು ದೂರವಿಟ್ಟಿದ್ದು ಹೊಗೆಯೇ. ಇದನ್ನು ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ಅತ್ತಿಗೆ ಹೇಳಿದ ಮಾತನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು. "ಫಾದರ್, ನಿಮ್ಮ ಪಕ್ಕಾಸು ಉಳಿಯಲೆಂದು ನಾನು ಇನ್ನೂ ಮೂವತ್ತು ವರ್ಷ ಹೊಗೆ ಕುಡಿಯಬೇಕೇ? ವರ್ಷಕ್ಕೆರಡು ದಿನ ಬಂದು ಹಳೆಯ ಮನೆ ಚಂದ ಎನ್ನುತ್ತೀರಿ. ಗುಡಿಸುವವಳು ನಾನು." ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ. ಹಳೆಯ ಮನೆಗಳನ್ನು ಹೊಗಳಿ ಬರೆಯುವ ನಮ್ಮಂಥವರ ಲೇಖನಗಳಲ್ಲಿ ಅಡುಗೆಕೋಣೆಯ ಕತ್ತಲೆಯ ಪ್ರಸ್ತಾಪ ಬರುವುದೇ ಇಲ್ಲ. ಕೊನೆಗೆ ಮೊದಲ ಕೆಲಸವಾಗಿ ಆದದ್ದೇ ಅಡುಗೆಕೋಣೆ: ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು, ಹೊಸ ಪಕ್ಕಾಸು, ತೊಳೆಯಲು ಸುಲಭವಾದ ಕಟ್ಟೆ. ಹೊಗೆಯ ಬದಲಿಗೆ ಮರಕ್ಕೆ ಗೇರೆಣ್ಣೆ.

ಕೆಡವುವ ಮಾತನ್ನು ಒಂದು ಮಳೆಗಾಲದ ಮಟ್ಟಿಗೆ ಮುಂದೂಡೋಣ ಎಂದು ನಾನು ಬೇಡಿಕೊಂಡೆ. ಯಾಜಕಕಾಂಡದಲ್ಲಿ ಏಳು ದಿನ ಕಾಯಿಸುತ್ತಾರೆ; ನಮಗೆ ಒಂದು ವರ್ಷ ಬೇಕಾಯಿತು. ಮೊದಲು ಮಾಡು, ಆಮೇಲೆ ನೀರಿನ ದಾರಿ, ಆಮೇಲೆ ಗೋಡೆ. ಚಂದಗಾಣಿಸುವುದು ಎಲ್ಲಕ್ಕಿಂತ ಕೊನೆಗೆ. ನಾವು 1998ರಲ್ಲಿ ಚಂದದಿಂದಲೇ ಆರಂಭಿಸಿದ್ದೆವು. ಒಡೆದ ಹೆಂಚು ಬದಲಾಯಿತು. ಮನೆಯ ಹಿಂದೆ ಗುಡ್ಡದ ನೀರು ಗೋಡೆಗೆ ಬಂದು ನಿಲ್ಲದಂತೆ ಅಜ್ಜ ತೋಡಿದ್ದ ಕಣಿ ಮುಚ್ಚಿಹೋಗಿತ್ತು, ಅದನ್ನು ಬಿಡಿಸಿದೆವು. ಗೋಡೆಯ ಒದ್ದೆಯ ಅರ್ಧ ಅದರಿಂದಲೇ ಇಳಿಯಿತು. ಕಾಸು ಖರ್ಚಿಲ್ಲದ ಆ ಕೆಲಸಕ್ಕೆ ಹಾರೆಯೊಂದೇ ಸಾಕಾಗಿತ್ತು.

ನವೆಂಬರಿನಲ್ಲಿ ಹಟ್ಟಿ ಮತ್ತು ಪತ್ತಾಯದ ಕೋಣೆಯ ಗೋಡೆಗಳನ್ನು ಕೆರೆಯಲು ತೊಡಗಿದೆವು. ಸುಣ್ಣದ ಕೆಲಸ ಬಲ್ಲವರನ್ನು ಹುಡುಕುವುದೇ ಕಷ್ಟವಾಯಿತು. 'ಗಾರೆ ಕೆಲಸದವರು' ಎಂಬ ಹೆಸರು ಊರೂರಿನಲ್ಲಿ ಉಳಿದಿದೆ. ಗಾರೆಯೆಂದರೆ ಮೂಲತಃ ಸುಣ್ಣದ್ದೆಂಬುದು ಆ ಕೆಲಸ ಮಾಡುವವರಿಗೇ ಮರೆತಿದೆ. ಕೊನೆಗೆ ಎಪ್ಪತ್ತು ದಾಟಿದ ಒಬ್ಬರು ಸಿಕ್ಕಿದರು. ಅಳಿವೆಯ ಚಿಪ್ಪನ್ನು ಸುಟ್ಟು ಬಂದ ಸುಣ್ಣವನ್ನು ಹೊಂಡದಲ್ಲಿ ನೀರು ಹಾಕಿ ವಾರಗಟ್ಟಲೆ ಕೊಳೆಯಿಸಿದರು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಒಂದಿಷ್ಟು ಬೆಲ್ಲದ ನೀರು. ಸಿಮೆಂಟಿನ ಆತುರ ಇದಕ್ಕಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ಅಂದರೆ ಸಮುದ್ರದ ಚಿಪ್ಪು ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ನಮ್ಮ ಗೋಡೆಯ ಮೇಲೆ ತಿರುಗಿ ಪಡೆಯುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ 1899ರಿಂದ 1901ರವರೆಗೆ ಚಿತ್ರ ಬರೆದ ಇಟಲಿಯ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ ಹಸಿಗಾರೆಯ ಮೇಲೆ ಬಣ್ಣ ಹಾಕಿದ್ದು ಇದೇ ಗುಣವನ್ನು ನಂಬಿ. ಕಲ್ಲಾಗುವ ಸುಣ್ಣ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ.

ಸಿಮೆಂಟಿನ ಹಲಗೆ ಕಳಚಿದ ಹಾಗೆಲ್ಲ ಕೆಳಗೆ ಅಜ್ಜಿಯ ಗೋಡೆ ಕಾಣಿಸಿಕೊಂಡಿತು. ಒಂದರ ಮೇಲೊಂದು ಬಳಿದ ಸುಣ್ಣದ ಪದರಗಳು. ಕೆಲವಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿದ ತೆಳುಬಣ್ಣ. ಬುಡದಲ್ಲಿ ಕೆಮ್ಮಣ್ಣಿನಿಂದ ಎಳೆದ ಗೇಣಗಲದ ಪಟ್ಟಿ, ಅಲ್ಲಲ್ಲಿ ಕೈ ನಡುಗಿದ ಗುರುತು. ಪತ್ತಾಯದ ಹಿಂದಿನ ಗೋಡೆಯಲ್ಲಿ ಇದ್ದಿಲಿನ ಗೀಟುಗಳು. ನಾಲ್ಕು ನೆಟ್ಟಗೆ, ಒಂದು ಅಡ್ಡ, ಹೀಗೆ ಸಾಲುಸಾಲು. ಅಣ್ಣ ಬಹಳ ಹೊತ್ತು ನೋಡುತ್ತ ನಿಂತು, "ಇದು ಗೇಣಿಯ ಅಕ್ಕಿಮುಡಿಯ ಲೆಕ್ಕ" ಎಂದ. ಧಣಿಯ ಮನೆಗೆ ಹೊತ್ತು ಹಾಕಿದ ಮುಡಿಗಳನ್ನು ಅಕ್ಷರ ಬಾರದ ಅಜ್ಜ ಗೋಡೆಯ ಮೇಲೆ ಬರೆದಿಟ್ಟಿದ್ದರು. ನಾವು 1998ರಲ್ಲಿ ಹಬ್ಬದ ಸಡಗರದಲ್ಲಿ ನೋಡದೆಯೇ ಮುಚ್ಚಿದ್ದು ಅದನ್ನು. ಅಣ್ಣನ ಮಗ ತನ್ನ ಫೋನಿನಲ್ಲಿ ಅದರ ಚಿತ್ರ ತೆಗೆದ, ಗೀಟುಗಳನ್ನು ಎಣಿಸತೊಡಗಿದ, ಮಧ್ಯದಲ್ಲಿ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ. ತಾರಸಿ ಮನೆಯ ನಕ್ಷೆಯ ಮಾತನ್ನು ಆತ ಆಮೇಲೆ ತೆಗೆದಿಲ್ಲ; ನಾನೂ ಕೇಳಿಲ್ಲ.

ಅಲಂಕಾರದ ವಿಚಾರದಲ್ಲಿ ಮನೆಯಲ್ಲಿ ಒಂದು ವಾದ ನಡೆಯಿತು. ಚಾವಡಿಯ ಆಲ್ತಾರಿನ ಹಿಂದಿನ ಗೋಡೆಗೆ ಕಾವಿ ಕಲೆ ಮಾಡಿಸಬೇಕೆಂದು ಅಣ್ಣನ ಸೊಸೆಯ ಆಸೆ. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಬಳಿದು, ಹಸಿ ಇರುವಾಗಲೇ ಮೊನಚಾದ ಕಡ್ಡಿಯಿಂದ ಕೆರೆದು, ಕೆಳಗಿನ ಬಿಳಿಯಲ್ಲಿ ಬಳ್ಳಿ, ಹೂ, ಹಕ್ಕಿಗಳನ್ನು ಮೂಡಿಸುವ ಕಲೆ ಅದು. ಉತ್ತರ ಕನ್ನಡದ ದೇವಸ್ಥಾನಗಳಲ್ಲೂ ಗೋವೆಯ ಹಳೆಯ ಕಟ್ಟಡಗಳಲ್ಲೂ ಇರುವ ಈ ಚಿತ್ರಗಳನ್ನು ಡಾ. ಕೃಷ್ಣಾನಂದ ಕಾಮತರು ಹುಡುಕಿ ದಾಖಲಿಸದಿದ್ದರೆ ಅವುಗಳ ಹೆಸರೂ ನಮಗೆ ತಿಳಿಯುತ್ತಿರಲಿಲ್ಲವೇನೋ. ಬಹಳ ಚೆಲುವಾದ ಕಲೆ; ಆದರೆ ಗೇಣಿದಾರನ ಮನೆಯಲ್ಲಿ ಅದೆಂದೂ ಇರಲಿಲ್ಲ. ಇಲ್ಲದಿದ್ದ ವೈಭವವನ್ನು ಈಗ ಗೋಡೆಗೆ ಬರೆಸಿದರೆ ಅಜ್ಜಿಯ ಕೆಮ್ಮಣ್ಣಿನ ಪಟ್ಟಿಗೆ ಅವಮಾನವೆಂದು ನನಗನ್ನಿಸಿತು. ಹುಡುಗಿ ಸುಮ್ಮನಾಗಲಿಲ್ಲ. "ಅಜ್ಜಿಗೆ ಸಿಕ್ಕಿದ್ದರೆ ಅವರು ಬೇಡ ಎನ್ನುತ್ತಿದ್ದರೇ, ಚಿಕ್ಕಪ್ಪ?" ಎಂದಳು. ಅದೂ ನಿಜ. ಅತ್ತಿಗೆ ತೀರ್ಪು ಕೊಟ್ಟರು: ನಡುಮನೆಗೆ ಪಟ್ಟಿ, ಆಲ್ತಾರಿಗೆ ಹೂ. ಪಟ್ಟಿಯನ್ನು ತೋಟದ ಕೆಮ್ಮಣ್ಣಿನಿಂದ ಅವರೇ ಎಳೆದರು. ಸೆಪ್ಟೆಂಬರಿನ ಮೊಂತಿ ಹಬ್ಬದಂದು ದೇವಾಲಯದಿಂದ ತಂದ ಹೊಸ ತೆನೆಯನ್ನು ಇಡುವ ಗೂಡಿನ ಸುತ್ತ ಈಗ ಒಂದು ಕೆಂಪು ಬಳ್ಳಿ ಇದೆ. ಹುಡುಗಿ ತಾನೇ ಕಲಿತು ಕೆರೆದದ್ದು. ಎಲೆಗಳು ಸ್ವಲ್ಪ ದಪ್ಪವಾಗಿವೆ.

ಇದ್ದಿಲಿನ ಗೀಟುಗಳ ಜಾಗಕ್ಕೆ ಗಾರೆ ಬಳಿದಿಲ್ಲ. ಪುಡಿ ಉದುರುತ್ತದೆಂದು ಅತ್ತಿಗೆಯ ದೂರು ಇದ್ದೇ ಇದೆ. ಅಣ್ಣ ಅದರ ಮುಂದೆ ಪತ್ತಾಯವನ್ನು ಒಂದು ಗೇಣು ಬಿಟ್ಟು ಇಟ್ಟಿದ್ದಾನೆ. ಹಟ್ಟಿಯಲ್ಲಿ ಹಸುಗಳಿಲ್ಲ, ಅಡಿಕೆ ಒಣಗಿಸಿ ತುಂಬಿಡುತ್ತಾರೆ. ಚಾವಡಿಯ ಹೊರಗೋಡೆಯಲ್ಲಿ ಸಿಮೆಂಟು ಇನ್ನೂ ಹಾಗೆಯೇ ಇದೆ, ಅದರ ಮೇಲೆ ಹಸಿರು ಕಲೆಯೂ ಇದೆ. ಆ ಕೆಲಸ ಮಳೆ ಕಳೆದು ನವೆಂಬರಿನಲ್ಲಿ. ಸುಣ್ಣವನ್ನು ಈಗಾಗಲೇ ಹೊಂಡಕ್ಕೆ ಹಾಕಿದ್ದಾರೆ.